ನೀಲಿ ಡ್ರಮ್ಮು

ನಮ್ಮೂರು ಸೋಗಾನೆ. ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಯಾರಾದರೂ ಶಿವಮೊಗ್ಗ ಕಡೆಯವರು ಸಿಕ್ಕಿ ಊರು ಕೇಳಿದಾಗ ಹೆಸರು ಹೇಳಿದರೆ, "ಓ, ಜೈಲಿರೋ ಸೋಗಾನೆನಾ?" ಅನ್ನುತ್ತಿದ್ದರು. 2023ರ ಫೆಬ್ರವರಿ 27ಕ್ಕೆ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು ನೋಡಿ, ಆಮೇಲೆ "ಏರ್‌ಪೋರ್ಟ್ ಸೋಗಾನೆನಾ?" ಅಂತ ಕೇಳೋಕೆ ಶುರು ಮಾಡಿದರು. ಅಪ್ಪ ಮಾತ್ರ ಎರಡರೊಳಗೂ ಕಾಲಿಡದೆ ಆರಾಮಾಗಿದ್ದಾರೆ. ಜಗಲಿ ಮೇಲೆ ಕೂತು ತಲೆ ಮೇಲೆ ವಿಮಾನ ಹೋದಾಗ ಕತ್ತೆತ್ತಿ ನೋಡಿ, "ಇವತ್ತು ಲೇಟು" ಅಂತ ಹೇಳೋದಷ್ಟೇ ಅವರಿಗೂ ಅದಕ್ಕೂ ಇರುವ ಸಂಬಂಧ.

ಕಳೆದ ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ರಜೆಗೆ ಕಾರಣ ಮಾವ. ಅಮ್ಮನ ತಮ್ಮ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಎರಡೆಕರೆ ಅಡಿಕೆ ತೋಟ ಅವರದು. ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ವಾರ ಧೂಳು ಹೊಗೆ ತಾಗಬಾರದು ಅಂತ ನಮ್ಮನೆಯಲ್ಲೇ ಉಳಿದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತರೆ ಹಳೇ ಸಿನಿಮಾದ ವಿಲನ್ ತರ ಕಾಣೋರು. ನೋಡೋಕೆ ಆಗದ್ದಕ್ಕೆ ಎಲ್ಲರ ಮಾತನ್ನೂ ಕೇಳೋದೇ ಅವರಿಗೆ ಕೆಲಸ.

ಅಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸಂಜೆ ಪುಸ್ತಕ ತಂದು ನನ್ನ ಮುಂದೆ ಹಾಕಿದಳು.

"ಮಾಮ, ಅಯಾನಿಕ್ ಬಂಧ ಹೇಳ್ಕೊಡು."

ಇಂಜಿನಿಯರ್ ಆದಮೇಲೆ ಮನೆಯ ಮಿಕ್ಸಿಯಿಂದ ಹಿಡಿದು ಮಕ್ಕಳ ಪಾಠದವರೆಗೆ ಎಲ್ಲಾ ಗೊತ್ತಿರಬೇಕು ಅನ್ನೋದು ನಮ್ಮ ಕಡೆಯ ಕಾನೂನು. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಬಿ.ಇ. ಮೊದಲ ವರ್ಷ ಕೆಮಿಸ್ಟ್ರಿ ಇತ್ತು ಅನ್ನೋದು ನೆನಪಿದೆ, ಅದರಲ್ಲಿ ಏನಿತ್ತು ಅನ್ನೋದು ಇಲ್ಲ. ಆದರೂ ಈ ಪಾಠ ನನಗೆ ಮರೆತಿಲ್ಲ. ಮರೆಯದೇ ಇರೋದಕ್ಕೆ ಬೇರೆ ಕಾರಣ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಪುಸ್ತಕದಲ್ಲಿ ಚಿತ್ರ ಇತ್ತು. ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನು, ಸುತ್ತುಗಳಲ್ಲಿ 2, 8, 1. ಕ್ಲೋರಿನ್‌ನಲ್ಲಿ 17, ಅಂದರೆ 2, 8, 7. ಸೋಡಿಯಂಗೆ ಕೊನೆಯ ಒಂದು ಹೆಚ್ಚು, ಕ್ಲೋರಿನ್‌ಗೆ ಒಂದು ಕಮ್ಮಿ. ಇದು ಅದಕ್ಕೆ ಕೊಟ್ಟಿತು. ಕೊಟ್ಟದ್ದು ಧನ ಅಯಾನು ಆಯಿತು, ತಗೊಂಡದ್ದು ಋಣ ಅಯಾನು ಆಯಿತು. ಎರಡೂ ಅಂಟಿಕೊಂಡು ಉಪ್ಪಾಯಿತು.

"ಇಷ್ಟೇ ತಾನೆ? ಸೋಡಿಯಂಗೆ ಬೇಡ, ಕ್ಲೋರಿನ್‌ಗೆ ಬೇಕು. ಕೊಟ್ಟು ಕೈ ತೊಳ್ಕೊಂಡ್ತು" ಅಂದಳು.

ನಾನೂ ಅವಳ ವಯಸ್ಸಿನಲ್ಲಿ ಹಾಗೇ ಓದಿದ್ದು. ತುಂಬಾ ವರ್ಷಗಳ ನಂತರ ಒಂದು ಭಾನುವಾರ ಸುಮ್ಮನೆ ಲೆಕ್ಕ ನೋಡಿದಾಗ ಗೊತ್ತಾಯ್ತು, ಈ ಕಥೆಯಲ್ಲಿ ಅರ್ಧ ಸುಳ್ಳು. ಅವಳಿಗೆ ರೂಪಾಯಿ ಲೆಕ್ಕದಲ್ಲಿ ಹೇಳಿದೆ. ಬಿಡಿಬಿಡಿ ಪರಮಾಣುಗಳಿಂದ ಶುರು ಮಾಡೋಣ. ಒಂದು ಮೋಲ್ ಸೋಡಿಯಂನಿಂದ ಆ ಒಂದೊಂದು ಎಲೆಕ್ಟ್ರಾನ್ ಕಿತ್ತುಕೊಳ್ಳೋಕೆ 496 ಕಿಲೋಜೂಲ್ ಖರ್ಚು. ಸೋಡಿಯಂ ಪುಕ್ಕಟೆ ಕೊಡೋದಿಲ್ಲ, ಗಟ್ಟಿ ಹಿಡಿದೇ ಇರುತ್ತದೆ. ಅದನ್ನು ಕ್ಲೋರಿನ್‌ಗೆ ಸೇರಿಸಿದರೆ ವಾಪಸ್ ಬರೋದು 349. ಅಂದರೆ ಕೊಟ್ಟು ತಗೊಂಡ ವ್ಯವಹಾರದಲ್ಲೇ 147 ನಷ್ಟ!

"ಮತ್ತೆ ಯಾಕೆ ಕೊಡುತ್ತೆ?"

ಅದೇ ಪ್ರಶ್ನೆ. ಉತ್ತರ ಕೊಡೋದರಲ್ಲಿ ಇಲ್ಲ, ಆಮೇಲೆ ಏನಾಗುತ್ತೆ ಅನ್ನೋದರಲ್ಲಿದೆ. ಧನ ಋಣ ಆದ ಮೇಲೆ ಎಲ್ಲವೂ ಹತ್ತಿರ ಬಂದು ಸಾಲಾಗಿ ಜೋಡಿಕೊಳ್ಳುತ್ತವೆ ನೋಡಿ, ಆಗ 787 ಕಿಲೋಜೂಲ್ ಹೊರಬರುತ್ತದೆ. ನಷ್ಟವೆಲ್ಲ ತುಂಬಿ, ಮೇಲೆ 640 ಉಳಿಯುತ್ತದೆ. ಹಾಗಾಗಿ ಬಂಧ ಅಂದರೆ ಆ ಒಂದು ಎಲೆಕ್ಟ್ರಾನಿನ ದಾನ ಅಲ್ಲ. ದಾನ ಆದಮೇಲೆ ಸುತ್ತ ಇರುವವರು ಹಿಡಿದುಕೊಳ್ಳುವುದು.

ಇನ್ನೊಂದು ವಿಷಯ. ಚಿತ್ರದಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಗಂಡ ಹೆಂಡತಿ ತರ ಜೋಡಿಯಾಗಿ ನಿಂತಿರುತ್ತವೆ. ಉಪ್ಪಿನ ಹರಳಿನಲ್ಲಿ ಅಂಥ ಜೋಡಿಯೇ ಇಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾರು ಯಾರಿಗೆ ಕೊಟ್ಟರು ಅಂತ ಕೇಳಿದರೆ ಉತ್ತರವೇ ಇಲ್ಲ. 1913ರಲ್ಲಿ ಬ್ರ್ಯಾಗ್ ಅಪ್ಪ ಮಗ ಎಕ್ಸ್-ರೇ ಹಾಯಿಸಿ ಇದನ್ನ ಕಂಡುಹಿಡಿದರು. ಆದರೂ ಎಷ್ಟೋ ಜನ ಹಳೇ ಕೆಮಿಸ್ಟರಿಗೆ ಸಮಾಧಾನ ಆಗಲಿಲ್ಲ. 1927ರಲ್ಲಿ, ಅಂದರೆ ಬ್ರ್ಯಾಗ್‌ಗಳಿಗೆ ನೊಬೆಲ್ ಬಂದು ಹನ್ನೆರಡು ವರ್ಷ ಆದಮೇಲೂ, ಹೆನ್ರಿ ಆರ್ಮ್‌ಸ್ಟ್ರಾಂಗ್ ಅನ್ನೋ ಇಂಗ್ಲೆಂಡಿನ ಹಿರಿಯ ಕೆಮಿಸ್ಟು 'ನೇಚರ್' ಪತ್ರಿಕೆಗೆ ಸಿಟ್ಟಿನ ಪತ್ರ ಬರೆದಿದ್ದರು. ಉಪ್ಪು ಅಂದರೆ ಚದುರಂಗದ ಹಾಸಿನ ತರ ಅಂತೀರಲ್ಲ, ಜೋಡಿಯೇ ಇಲ್ಲ ಅಂತೀರಲ್ಲ, ಇದೆಂಥ ಅಸಂಬದ್ಧ ಅಂತ. ನಮ್ಮ ಹುಡುಗಿಗೆ ಒಂದು ಸಂಜೆಯಲ್ಲಿ ಅರ್ಥ ಆಗಬೇಕು ಅನ್ನೋದನ್ನ ದೊಡ್ಡ ವಿಜ್ಞಾನಿಗಳಿಗೆ ಹದಿನಾಲ್ಕು ವರ್ಷ ಒಪ್ಪೋಕೆ ಆಗಿರಲಿಲ್ಲ.

ಅಮ್ಮನ ಹತ್ತಿರ ಕಲ್ಲುಪ್ಪು ಇಸಕೊಂಡು ಬಂದೆವು. ಒಂದು ದಪ್ಪ ಹರಳನ್ನು ಕುಟ್ಟಾಣಿಯಿಂದ ಮೆಲ್ಲಗೆ ಹೊಡೆಯೋಕೆ ಹೇಳಿದೆ. ಚಟ್ ಅಂತ ಸೀಳಿತು. ಸೀಳಿದ ಜಾಗ ನುಣ್ಣಗೆ, ಚಪ್ಪಟೆ. ಉಪ್ಪಿನ ಹರಳು ಗಟ್ಟಿ, ಆದರೆ ಲೋಹದ ತರ ಬಾಗೋದಿಲ್ಲ. ಯಾಕೆಂದರೆ ಪೆಟ್ಟು ಬಿದ್ದಾಗ ಒಂದು ಸಾಲು ಒಂದೇ ಒಂದು ಮನೆ ಜರುಗಿದರೆ ಸಾಕು, ಧನದ ಎದುರಿಗೆ ಧನ, ಋಣದ ಎದುರಿಗೆ ಋಣ ಬಂದು ನಿಲ್ಲುತ್ತದೆ. ಇಷ್ಟು ಹೊತ್ತು ಎಳೆದು ಹಿಡಿದಿದ್ದವೇ ಈಗ ತಳ್ಳೋಕೆ ಶುರು ಮಾಡುತ್ತವೆ.

"ಅಣ್ಣ ತಮ್ಮಂದಿರ ಪಾಲಿನ ತರ" ಅಂತ ಕನ್ನಡಕದ ಒಳಗಿಂದ ಮಾವ ಅಂದರು. ಅಲ್ಲೀತನಕ ಅವರು ನಿದ್ದೆ ಮಾಡ್ತಿದ್ದಾರೆ ಅಂದುಕೊಂಡಿದ್ದೆ.

ಆಮೇಲೆ ಬಾಣಲೆ. ಸಕ್ಕರೆ ಹಾಕಿದರೆ ಎರಡು ನಿಮಿಷಕ್ಕೆ ಕರಗಿ ಕಂದು ಪಾಕ. ಉಪ್ಪು ಹಾಕಿದರೆ ಚಟಪಟ ಅನ್ನುತ್ತೆ, ಬಿಸಿ ಆಗುತ್ತೆ, ಅಷ್ಟೇ. ಉಪ್ಪು ಕರಗೋಕೆ 801 ಡಿಗ್ರಿ ಬೇಕು. ಸಕ್ಕರೆಯಲ್ಲಿ ಒಂದು ಅಣುವನ್ನು ಪಕ್ಕದ ಅಣುವಿನಿಂದ ಬಿಡಿಸಿದರೆ ಸಾಕು. ಉಪ್ಪಿನಲ್ಲಿ ಒಬ್ಬೊಬ್ಬರನ್ನೂ ಆರು ಜನ ಹಿಡಿದಿರುತ್ತಾರೆ. ಇಲ್ಲಿ ಅಪ್ಪನಿಗೂ ಮಾತು ಬಂತು. ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ರಿಟೈರ್ ಆದವರು. "ಉಪ್ಪು ಬಿಡು, ಈ ಮಣ್ಣು ಕರಗಿಸೋದು ನೋಡಿದೀಯಾ?" ಅಂತ ಅಂಗಳದ ಕೆಂಪು ಮಣ್ಣು ತೋರಿಸಿದರು. ನಮ್ಮೂರಿನ ಮಣ್ಣಿನ ಕೆಂಪಿಗೂ ಕೆಮ್ಮಣ್ಣುಗುಂಡಿಯ ಅದಿರಿನ ಕೆಂಪಿಗೂ ಕಾರಣ ಒಂದೇ, ಕಬ್ಬಿಣದ ಆಕ್ಸೈಡು. ಅದೂ ಅಯಾನಿಕ್ ಬಗೆಯದೇ. ಅಲ್ಲಿ ಮೂರು ಧನದ ಕಬ್ಬಿಣಕ್ಕೆ ಎರಡು ಋಣದ ಆಮ್ಲಜನಕ. ಒಂದಕ್ಕೊಂದು ಧನ ಋಣ ಇರುವ ಉಪ್ಪಿಗಿಂತ ಹಿಡಿತ ತುಂಬಾ ಬಿಗಿ. 1923ರಲ್ಲಿ ಭದ್ರಾವತಿಯ ಕುಲುಮೆ ಹೊತ್ತಿದಾಗ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಆ ಹಿಡಿತ ಬಿಡಿಸಿದ್ದು. ಅದಿರಿನ ಜೊತೆ ಸುಣ್ಣದ ಕಲ್ಲು ಹಾಕೋರು, ಅದು ಅದಿರಿನಲ್ಲಿರೋ ಮರಳಿನ ಅಂಶವನ್ನು ಹಿಡಿದುಕೊಂಡು ಕಿಟ್ಟ ಆಗಿ ಮೇಲೆ ತೇಲೋದು. "ಕಿಟ್ಟ ಹರಿಯೋದನ್ನ ರಾತ್ರಿ ಪಾಳಿಯಲ್ಲಿ ನೋಡಬೇಕು" ಅಂದರು ಅಪ್ಪ. ಮುಂದೆ ಏನೂ ಹೇಳಲಿಲ್ಲ.

ವಿದ್ಯುತ್ತಿನ ಪ್ರಯೋಗಕ್ಕೆ ಹುಡುಗಿಯ ಹತ್ತಿರ ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಚಿಕ್ಕ ಎಲ್ಇಡಿ, ಎರಡು ವೈರು ಇದ್ದವು. ಒಣ ಉಪ್ಪಿಗೆ ವೈರು ಚುಚ್ಚಿದೆವು, ದೀಪ ಹತ್ತಲಿಲ್ಲ. ಅಯಾನುಗಳು ಇವೆ, ಆದರೆ ಅಲ್ಲಾಡೋ ಹಾಗಿಲ್ಲ. ನೀರಿಗೆ ಹಾಕೋಣ ಅಂತ ಲೋಟದಲ್ಲಿ ಬೋರಿನ ನೀರು ತಂದು ವೈರು ಅದ್ದಿದರೆ, ಉಪ್ಪು ಹಾಕೋ ಮೊದಲೇ ದೀಪ ಮಂಕಾಗಿ ಹತ್ತಿತು.

"ಏನೂ ಹಾಕದೇನೇ ಹತ್ತುತ್ತಲ್ಲ ಮಾಮ!"

ಎರಡು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ಹೊಳೀತು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿಯೇ ಇರುತ್ತವೆ. ಪಾತ್ರೆ ತಳದಲ್ಲಿ ಬಿಳಿ ಕರೆ ಕಟ್ಟೋದು ಅದೇ ತಾನೆ. ಹೊರಗೆ ಮಳೆ ಹೊಯ್ತಾ ಇತ್ತು. ಅಂಗಳದಲ್ಲಿ ಪಾತ್ರೆ ಇಟ್ಟು ಮಳೆ ನೀರು ಹಿಡಿದೆವು. ಅದರಲ್ಲಿ ದೀಪ ಹತ್ತಲಿಲ್ಲ. ಒಂದು ಚಮಚ ಉಪ್ಪು ಹಾಕಿದ್ದೇ ಫಳ್ ಅಂತ ಹತ್ತಿತು. ಇನ್ನೊಂದು ಲೋಟ ಮಳೆ ನೀರಿಗೆ ಸಕ್ಕರೆ, ಏನೂ ಇಲ್ಲ. ಅಪ್ಪನ ಗೊಬ್ಬರದ ಮೂಟೆಗಳೂ ಬಂದವು. ಪೊಟ್ಯಾಷ್ ಹಾಕಿದರೆ ದೀಪ ಹತ್ತಿತು, ಅದು ಪೊಟ್ಯಾಸಿಯಂ ಕ್ಲೋರೈಡು, ಉಪ್ಪಿನ ದಾಯಾದಿ. ಯೂರಿಯಾ ನೀರಲ್ಲಿ ಚೆನ್ನಾಗೇ ಕರಗಿತು, ದೀಪ ಮಾತ್ರ ಹತ್ತಲಿಲ್ಲ. ಬೆಳ್ಳಗೆ ಹರಳಾಗಿದೆ, ನೀರಲ್ಲಿ ಕರಗುತ್ತೆ ಅಂದಮಾತ್ರಕ್ಕೆ ಅಯಾನಿಕ್ ಅಲ್ಲ.

ಕರಗಿದಾಗ ಹರಳು ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಅಂತ ಮೊದಲು ಗಟ್ಟಿಯಾಗಿ ಹೇಳಿದ್ದು ಸ್ವೀಡನ್ನಿನ ಅರೇನಿಯಸ್. ದ್ರಾವಣಗಳಲ್ಲಿ ವಿದ್ಯುತ್ ಹರಿಯೋದರ ಬಗ್ಗೆ 1884ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದಾಗ ವಿಶ್ವವಿದ್ಯಾಲಯದವರು ಜಸ್ಟ್ ಪಾಸ್ ಮಾಡಿ ಕಳಿಸಿದ್ದರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು. ಇದನ್ನ ಹೇಳಿದ್ದಕ್ಕೆ ಹುಡುಗಿ ಖುಷಿಯಾಗಿ, "ಕಿರುಪರೀಕ್ಷೇಲಿ ನಂಗೂ ಜಸ್ಟ್ ಪಾಸ್" ಅಂದಳು. ಅವಳು ನನ್ನನ್ನ ಕೂರಿಸಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

"ಸರಿ, ಎಲ್ಲಾ ಅಯಾನಿಕ್ ಸಂಯುಕ್ತಾನೂ ನೀರಲ್ಲಿ ಕರಗುತ್ತೆ ಅಂತ ಬರೀಲಾ?" ಅಂತ ಕೇಳಿದಳು.

ನಾನು ಬಾಯಿ ತೆಗೆಯೋಕೆ ಮೊದಲೇ ಮಾವ ಅಂದರು, "ಎಲ್ಲಾ ಕರಗಿದ್ರೆ ನಮ್ಮ ಔಷಧಿ ಮರದಲ್ಲಿ ನಿಲ್ತಿತ್ತೇನೇ ಕೂಸೆ?"

ಔಷಧಿ ಅಂದರೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆ ಬರುತ್ತದೆ. ಎಳೆಕಾಯಿ ಕಪ್ಪಾಗಿ, ಬಿಳಿ ಬೂಸಲು ಹಿಡಿದು, ಗೊಂಚಲು ಗೊಂಚಲೇ ಉದುರುತ್ತದೆ. ಫೈಟಾಫ್ತೊರ ಅನ್ನೋ ಶಿಲೀಂಧ್ರದಂಥ ಜೀವಿಯ ಕೆಲಸ ಅದು, ಅದರ ಬೀಜಕಣಗಳು ಕಾಯಿ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗುತ್ತವೆ. ಹಿಂದಿನವರು ಗೊನೆಗೆ ಅಡಿಕೆ ಹಾಳೆಯ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ವರದಿ ಬರೆದು, ಬೋರ್ಡೋ ಹೊಡೆಯೋದನ್ನ ಬೆಳೆಗಾರರಿಗೆ ತೋರಿಸಿಕೊಟ್ಟರು. ಆ ದ್ರಾವಣ ಹುಟ್ಟಿದ ಕಥೆ ಇನ್ನೂ ಮಜಾ. ಫ್ರಾನ್ಸಿನ ಬೋರ್ಡೋ ಕಡೆ ರಸ್ತೆ ಬದಿಯ ದ್ರಾಕ್ಷಿ ಕದಿಯೋರ ಕಾಟ ತಡೀಲಾರದೆ ರೈತರು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು, ವಿಷದ ತರ ಕಾಣಲಿ ಅಂತ. ಬೇರೆ ಬಳ್ಳಿಗಳೆಲ್ಲ ರೋಗ ಬಂದು ಒಣಗಿದಾಗ ಅವು ಮಾತ್ರ ಹಸಿರಾಗಿದ್ದದ್ದನ್ನು 1882ರಲ್ಲಿ ಮಿಲಾರ್ಡೆ ಅನ್ನೋ ಪ್ರೊಫೆಸರ್ ಗಮನಿಸಿದರು. ಕಳ್ಳರಿಗೆ ಹಾಕಿದ ಬೇಲಿ ರೋಗಕ್ಕೂ ಬೇಲಿಯಾಯಿತು.

ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅರ್ಧ ನೀರಲ್ಲಿ ಅದು, ಅರ್ಧ ನೀರಲ್ಲಿ ಇದು. ಮೈಲುತುತ್ತ ಅಂದರೆ ಕಾಪರ್ ಸಲ್ಫೇಟು, ನೀರಲ್ಲಿ ಸಲೀಸಾಗಿ ಕರಗಿ ತಾಮ್ರದ ಅಯಾನು, ಸಲ್ಫೇಟ್ ಅಯಾನು ಆಗುತ್ತದೆ. ಹಾಗೇ ಹೊಡೆದರೆ ಒಂದೇ ಮಳೆಗೆ ತೊಳೆದುಹೋಗುತ್ತದೆ, ಅಷ್ಟರೊಳಗೆ ಎಳೆಕಾಯಿಯನ್ನೂ ಸುಡುತ್ತದೆ. ಸುಣ್ಣದ ನೀರಿಗೆ ಅದನ್ನು ಸುರಿದಾಗ ತಾಮ್ರದ ಅಯಾನು ಸುಣ್ಣದ ಹೈಡ್ರಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತ ನೀರಿನ ಎಳೆತಕ್ಕಿಂತ ಗಟ್ಟಿ, ಹಾಗಾಗಿ ಕರಗದ ತಿಳಿನೀಲಿ ಗಸಿ ಆಗುತ್ತದೆ. ಅದು ಕಾಯಿಗೆ ಅಂಟಿ ಕೂತು, ಮಳೆ ಬಂದ ಹಾಗೆ ಚೂರುಚೂರೇ ತಾಮ್ರ ಬಿಡುತ್ತಾ ಈಜಿ ಬರೋ ಬೀಜಕಣವನ್ನು ಕೊಲ್ಲುತ್ತದೆ. ಕರಗೋದು ಬಿಡೋದು ಎಲ್ಲಾ ಈ ಜಗ್ಗಾಟ: ಅಯಾನನ್ನ ಒಂದು ಕಡೆ ನೀರು ಎಳೆಯುತ್ತೆ, ಇನ್ನೊಂದು ಕಡೆ ಪಕ್ಕದವರು ಎಳೆಯುತ್ತಾರೆ. ಯಾರು ಗೆದ್ದರು ಅನ್ನೋದರ ಮೇಲೆ ಕರಗುತ್ತೋ ಇಲ್ಲವೋ ಅನ್ನೋದು.

ಸುಣ್ಣ ಸಾಕೋ ಬೇಕೋ ನೋಡೋಕೆ ಮಾವನ ಹತ್ತಿರ ಒಂದು ಪರೀಕ್ಷೆ ಇತ್ತು, ಮಲೆನಾಡಿನ ಎಲ್ಲರ ಮನೆಯಲ್ಲೂ ಇದೆ. ಕತ್ತಿಯ ಹೊಳೆಯೋ ಬಾಯಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದೋದು. ಕೆಂಪು ಹತ್ತಿದರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಇನ್ನೂ ಬೇಕು ಅಂತ. ಕಬ್ಬಿಣ ತನ್ನ ಎಲೆಕ್ಟ್ರಾನ್ ಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ, ತಾಮ್ರ ಅದನ್ನು ತಗೊಂಡು ಲೋಹವಾಗಿ ಕತ್ತಿ ಮೇಲೆ ಕೂರುತ್ತದೆ. ಕತ್ತಿ ಹೊಳಪಾಗೇ ಉಳಿದರೆ ಔಷಧಿ ಸರಿ.

ಇಲ್ಲಿಗೆ ಬಂದಾಗ ನಾನು ನಿಲ್ಲಿಸಿದೆ. ಯಾಕೆಂದರೆ ಈ ಪಾಠ ನನಗೆ ಮರೆಯದೇ ಇರೋ ಕಾರಣ ಇದೇ.

2004. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದಿತ್ತು, ವಿಜ್ಞಾನದಲ್ಲಿ ಶಾಲೆಗೇ ಹೆಚ್ಚು ಮಾರ್ಕ್ಸು. ಪರೀಕ್ಷೆಯಲ್ಲಿ ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಏನಾಗುತ್ತೆ ಅಂತ ಸಮೀಕರಣ ಸಮೇತ ಬರೆದು ಬಂದವನು ನಾನು. ಮೇ ಕೊನೆಗೆ ಮಾವನ ಮನೆಗೆ ಹೋಗಿದ್ದೆ, ಮಳೆ ಹಿಡಿಯೋ ಮೊದಲು ಮೊದಲನೇ ಔಷಧಿ ಹೊಡೆಯೋ ಸಮಯ. ಮಾವ ಪಂಪಿನ ವಾಶರ್ ತರೋಕೆ ತೀರ್ಥಹಳ್ಳಿಗೆ ಹೊರಟವರು, "ಮೈಲುತುತ್ತ ಬಟ್ಟೇಲಿ ಕಟ್ಟಿ ನೀಲಿ ಡ್ರಮ್ಮಲ್ಲಿ ಇಳಿಬಿಡು, ಬೆಳಿಗ್ಗೆಗೆ ಕರಗಿರುತ್ತೆ" ಅಂದು ಹೋದರು. ನೀಲಿ ಡ್ರಮ್ಮಲ್ಲಿ ಅತ್ತೆ ಕುಡಿಯೋ ನೀರು ತುಂಬಿಟ್ಟಿದ್ದರು, ಮೋಟರು ಕೆಟ್ಟಿತ್ತು. ಕೊಟ್ಟಿಗೆ ಪಕ್ಕ ಒಂದು ಕಬ್ಬಿಣದ ಡ್ರಮ್ಮಿತ್ತು. ಡ್ರಮ್ಮು ಡ್ರಮ್ಮೇ ಅಲ್ವಾ ಅಂದುಕೊಂಡೆ.

ಬೆಳಿಗ್ಗೆ ನೋಡಿದರೆ ನೀರಿನ ನೀಲಿ ಹೋಗಿ ಹಸಿರು ತಿರುಗಿತ್ತು. ಡ್ರಮ್ಮಿನ ಒಳಮೈಗೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ನನ್ನ ಎದೆ ಧಸಕ್ ಅಂತು. ಉತ್ತರ ಪತ್ರಿಕೆಯಲ್ಲಿ ಬರೆದದ್ದು ಕಣ್ಣೆದುರಿಗೇ ನಡೆದಿತ್ತು, ಆದರೆ ಹೇಳೋಕೆ ಬಾಯಿ ಬರಲಿಲ್ಲ. ಶಾಲೆಗೇ ಹೆಚ್ಚು ಮಾರ್ಕ್ಸು ತೆಗೆದವನು ನೋಡಿ. ಮಾವ ಎದ್ದು ಬರೋದರೊಳಗೆ ಸುಣ್ಣದ ನೀರಿಗೆ ಸುರಿದು ಕಲಸಿಬಿಟ್ಟೆ. "ಬಣ್ಣ ಯಾಕೋ ಮಂಕು. ಸುಣ್ಣ ಸರಿಯಿಲ್ವೇನೋ" ಅಂದರು ಮಾವ. ಕತ್ತಿ ಅದ್ದಿ ನೋಡಿದರು. ಹೊಳಪಾಗೇ ಇತ್ತು. ಕೊನೆಗಾರ ಬಂದು ಕಾಯ್ತಿದ್ದ, ಮೋಡ ಕಟ್ಟಿತ್ತು. ಹೊಡೆದೇಬಿಟ್ಟರು.

ಈಗ ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟು ಪಾಸಾಯ್ತು, ಪ್ರೊಡಕ್ಷನ್ನಲ್ಲಿ ಬಿತ್ತು. ಕತ್ತಿ ಹೇಳೋದು ಹಿಡಿಯದೇ ಉಳಿದ ತಾಮ್ರ ಇದೆಯಾ ಅನ್ನೋದನ್ನ ಮಾತ್ರ. ಇರಬೇಕಾದ ತಾಮ್ರ ಇದೆಯಾ ಅನ್ನೋದನ್ನ ಅದು ಹೇಳೋದಿಲ್ಲ. ನಮ್ಮ ತಾಮ್ರ ಎಷ್ಟೋ ಭಾಗ ರಾತ್ರಿಯೇ ಡ್ರಮ್ಮಿಗೆ ಬಳಿದುಕೊಂಡಿತ್ತು. ಆಗಸ್ಟ್ ಹೊತ್ತಿಗೆ ಅಮ್ಮನಿಗೆ ಸುದ್ದಿ ಬಂತು, ಹಳ್ಳದ ಬದಿಯ ಮರಗಳಿಗೆ ಕೊಳೆ ಬಂದು ಕಾಯಿ ಉದುರಿದೆ ಅಂತ. ನಾನು ಕಲಸಿದ ಔಷಧಿ ಹೊಡೆದದ್ದು ಆ ಬದಿಗೇ. ಆ ವರ್ಷ ಪಿಯುಸಿಗೆ, ಎರಡು ವರ್ಷ ಬಿಟ್ಟು ಬಿ.ಇ.ಗೆ ಸೇರುವಾಗ, ಅಪ್ಪನಿಗೆ ಕಮ್ಮಿ ಬಿದ್ದ ದುಡ್ಡು ಕೊಟ್ಟದ್ದು ಮಾವನೇ. ಇಪ್ಪತ್ತು ವರ್ಷ ನಾನು ಯಾರಿಗೂ ಹೇಳಿರಲಿಲ್ಲ.

ಅವತ್ತು ಜಗಲಿಯಲ್ಲಿ ಹೇಳಿದೆ. ಹುಡುಗಿಗೆ ಪಾಠ ಹೇಳೋ ನೆಪದಲ್ಲಿ, ಅವಳ ಪುಸ್ತಕ ನೋಡ್ತಾನೇ ಹೇಳಿದೆ. ಮಾವನ ಮುಖ ನೋಡೋ ಧೈರ್ಯ ಇರಲಿಲ್ಲ, ಕಪ್ಪು ಕನ್ನಡಕ ಇದ್ದದ್ದೇ ಪುಣ್ಯ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಗೊತ್ತಿತ್ತು ಮಾರಾಯ" ಅಂದರು.

"ಹ್ಞಾಂ?"

"ಮಾರನೇ ದಿನ ಡ್ರಮ್ಮು ತೊಳೆಯೋಕೆ ಹೋದ್ರೆ ಒಳಗೆಲ್ಲ ತಾಮ್ರ. ನಿನ್ನ ಮುಖ ನೋಡಿದ್ರೆ ಎರಡು ದಿನದಿಂದ ಊಟ ಸೇರಿಲ್ಲ. ಹೇಳಿ ಏನು ಮಾಡೋದು, ಹೊಡೆದದ್ದು ಹೊಡೆದಾಗಿತ್ತು. ಮತ್ತೆ ಹೊಡೆಸೋಣ ಅಂದ್ರೆ ಮಳೆ ಬಿಡಲಿಲ್ಲ."

"ಮತ್ತೆ ಒಂದು ಮಾತೂ ಅನ್ನಲಿಲ್ವಲ್ಲ ನೀವು."

"ಕಾಯಿಗಿಂತ ಡ್ರಮ್ಮಿಂದೇ ಬೇಜಾರಾಗಿತ್ತು ಕಣೋ. ಒಳ್ಳೇ ಡ್ರಮ್ಮು. ಎರಡೇ ವರ್ಷಕ್ಕೆ ತಳ ತೂತು ಬಿತ್ತು."

ಎಲ್ಲರೂ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. ಒಳಗೆ ಹೋದಮೇಲೆ ಅಡಿಗೆಮನೆಯಲ್ಲಿ ನನಗೊಬ್ಬನಿಗೇ ಹೇಳಿದರು: ಆ ವರ್ಷ ಬೆಳೆ ಕಮ್ಮಿಯಾಗಿ, ನನ್ನ ಕಾಲೇಜಿಗೆ ಕೊಡೋಕೆ ಅತ್ತೆ ಎರಡು ಬಳೆ ಅಡ ಇಟ್ಟಿದ್ದರಂತೆ. ಬಿಡಿಸಿಕೊಳ್ಳೋಕೆ ಮೂರು ವರ್ಷ ಆಯ್ತಂತೆ. ನನಗೆ ಹೇಳಬಾರದು ಅಂತ ಆಣೆ ಇತ್ತಂತೆ.

ಮಾವನಿಗೆ ಏನೋ ಹೆಚ್ಚಿತ್ತು, ನಮಗೆ ಕಮ್ಮಿಯಿತ್ತು, ಕೊಟ್ಟರು, ನಾನು ಓದಿದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಕೆಲಸ ಸಿಕ್ಕ ಮೊದಲ ವರ್ಷ ಆ ದುಡ್ಡು ವಾಪಸ್ ಕೊಡೋಕೆ ಹೋಗಿದ್ದೆ, ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಳ್ಳೋಣ ಅಂತ. ಮಾವ ಬಯ್ದು ಕಳಿಸಿದ್ದರು. ನನಗೆ ಆಗ ಅರ್ಥ ಆಗಿರಲಿಲ್ಲ. ನಾನು ಲೆಕ್ಕದಲ್ಲಿ ಬರೀ ಮೊದಲನೇ ಸಾಲು ನೋಡ್ತಿದ್ದೆ. ಆಮೇಲೆ ಊರಿಗೆ ಹೋಗೋದೂ ಕಮ್ಮಿಯಾಯಿತು. ಬೆಂಗಳೂರು, ಕೆಲಸ, ನಿಮಗೂ ಗೊತ್ತಿರೋದೇ. ಔಷಧಿ ಹೊಡೆಯೋ ದಿನಕ್ಕೆ ಒಮ್ಮೆಯೂ ಹೋಗಿರಲಿಲ್ಲ, ಬೇಕಂತಲೇ.

ರಾತ್ರಿ ಊಟದ ಹೊತ್ತಿಗೆ ಹುಡುಗಿ ಉತ್ತರ ಬರೆದು ತಂದು ತೋರಿಸಿದಳು. ಅಯಾನಿಕ್ ಸಂಯುಕ್ತಗಳು ಗಟ್ಟಿ, ಆದರೆ ಪೆಡಸು. ಕರಗುವ ಬಿಂದು ಹೆಚ್ಚು. ಘನವಾಗಿದ್ದಾಗ ವಿದ್ಯುತ್ ಹರಿಯದು, ಕರಗಿದಾಗ ಹರಿಯುತ್ತದೆ. 'ಸಾಮಾನ್ಯವಾಗಿ ನೀರಿನಲ್ಲಿ ಕರಗುತ್ತವೆ' ಅಂತ ಬರೆದು, 'ಸಾಮಾನ್ಯವಾಗಿ' ಅನ್ನೋದರ ಕೆಳಗೆ ಗೆರೆ ಎಳೆದಿದ್ದಳು.

"496, 349 ಎಲ್ಲಾ ಬರೀಲಾ ಮಾಮ?"

"ಬೇಡ, ಪರೀಕ್ಷೆಗೆ ಪುಸ್ತಕದಲ್ಲಿರೋದು ಸಾಕು. ಡ್ರಮ್ಮು ಮಾತ್ರ ಪ್ಲಾಸ್ಟಿಕ್ಕಿಂದೇ ಇರಲಿ."

ಮಲಗೋ ಮುಂಚೆ ಮಾವ ಕರೆದರು. "ಕಣ್ಣಿಗೆ ಔಷಧಿ ತಾಗಬಾರದು ಅಂದಿದಾರೆ ಡಾಕ್ಟ್ರು. ಎರಡನೇ ಹೊಡೆತ ಇನ್ನು ಹತ್ತು ದಿನಕ್ಕೆ ಬರುತ್ತೆ. ಕೊನೆಗಾರ ಸಿಕ್ಕಿದಾನೆ. ಕಲಸೋಕೆ ಜನ ಇಲ್ಲ." ಅಷ್ಟೇ ಹೇಳಿದರು. ಬಾ ಅನ್ನಲಿಲ್ಲ.

ಮಾರನೇ ದಿನ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಇನ್ನೂರು ಲೀಟರಿನ ನೀಲಿ ಡ್ರಮ್ಮು ಎರಡು ತಗೊಂಡು, ಕಾರಿನ ತಲೆ ಮೇಲೆ ಕಟ್ಟಿಕೊಂಡು ಬಂದೆ. ಏರ್‌ಪೋರ್ಟ್ ರಸ್ತೆಯಲ್ಲಿ ಸೆಕ್ಯುರಿಟಿಯವನು ಗಾಡಿ ನಿಲ್ಲಿಸಿ, "ಇದೇನ್ ಸಾರ್, ಡ್ರಮ್ಮು ಪ್ಲೇನಲ್ಲಿ ಹಾಕ್ತೀರಾ?" ಅಂದ. ಇಲ್ಲಪ್ಪ, ತೀರ್ಥಹಳ್ಳಿ ಕಡೆಗೆ ಅಂದೆ. ಆಫೀಸಿಗೆ ಇನ್ನೆರಡು ದಿನದ ರಜೆಗೆ ಮೇಲ್ ಹಾಕುವಾಗ ಕಾರಣ ಅನ್ನೋ ಜಾಗದಲ್ಲಿ ಏನು ಬರೆಯೋದು ಅಂತ ಯೋಚಿಸಿ, ಕೊನೆಗೆ 'ಮನೆ ಕೆಲಸ' ಅಂತ ಬರೆದೆ.